ಕಂಟೇನರ್ ಬಾಗಿಲು ಹಾಕುವ ಮೊದಲು: ರಫ್ತು ಕಂಪನಿಗೆ ಹದಿನಾಲ್ಕು ಸೂತ್ರ

ಮಿಡಿಸೌತೆಯನ್ನು ನಮ್ಮ ಕಡೆ ಬೆಳೆಯುವವರೂ ತಿನ್ನುವುದಿಲ್ಲ, ಡ್ರಮ್ಮಿಗೆ ತುಂಬುವವರೂ ತಿನ್ನುವುದಿಲ್ಲ. ಕುಣಿಗಲ್ ಸೀಮೆಯ ಹೊಲದಲ್ಲಿ ಬೆಳಗಿನ ಜಾವ ಕಿತ್ತ ಕಿರುಬೆರಳಿನಷ್ಟು ಕಾಯಿ ಉಪ್ಪುನೀರು, ವಿನೆಗರ್ ಕುಡಿದು ಹಡಗು ಹತ್ತುತ್ತದೆ. ಫ್ರಾನ್ಸಿನಲ್ಲೋ ಅಮೆರಿಕದಲ್ಲೋ ಯಾರದೋ ಬರ್ಗರಿನ ನಡುವೆ ಹೋಗಿ ಕೂರುತ್ತದೆ. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಸಣ್ಣದಾಗಿ ಶುರುವಾದ ಬೆಳೆ ಇದು. 2020-21ರಲ್ಲಿ ಭಾರತದಿಂದ ಹೊರಗೆ ಹೋದ ಸೌತೆ, ಮಿಡಿಸೌತೆ 2,23,515 ಟನ್, ಬೆಲೆ 22.3 ಕೋಟಿ ಡಾಲರ್. ಜಗತ್ತಿನಲ್ಲಿ ಇದನ್ನು ಅತಿ ಹೆಚ್ಚು ರಫ್ತು ಮಾಡುವ ದೇಶ ನಮ್ಮದೇ ಎಂದು 2022ರ ಜನವರಿಯಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಪ್ರಕಟಿಸಿತು.

ನಮ್ಮ ತುಮಕೂರು ಜಿಲ್ಲೆಯಲ್ಲಿ ರಫ್ತಿಗೆ ಮಿಡಿಸೌತೆಯ ಜೊತೆಗೆ ಗುಬ್ಬಿಯ ತೆಂಗು, ನಾರು ಇವೆ. ತುಮಕೂರಿಗೆ ಹೊಂದಿಕೊಂಡ ವಸಂತನರಸಾಪುರದಲ್ಲಿ 2014ರ ಸೆಪ್ಟೆಂಬರ್ 24ರಂದು ಪ್ರಧಾನಿ ಉದ್ಘಾಟಿಸಿದ ಫುಡ್ ಪಾರ್ಕ್ ಇದೆ. ಈ ಮೂರೂ ಕಡೆ ರಫ್ತು ಮಾಡುವ ಕಂಪನಿಗಳ ಆಫೀಸಿಗೆ ಹೋಗಿ ನೋಡಿ, ಎರಡು ಬೀರು ಕಾಣುತ್ತವೆ. ಒಂದರಲ್ಲಿ ರಫ್ತಿನ ಕಾಗದಪತ್ರ, ಅದರ ಕೀಲಿ ಅಕೌಂಟ್ಸಿನವರ ಹತ್ತಿರ. ಇನ್ನೊಂದರಲ್ಲಿ ನೌಕರರ ಹಾಜರಿ, ಇನ್‌ಕ್ರಿಮೆಂಟು, ಮೆಮೋ. ಅದರ ಕೀಲಿ ಎಚ್‌ಆರ್ ಹತ್ತಿರ. ಒಂದು ಬೀರುವಿನವರಿಗೆ ಇನ್ನೊಂದರ ಒಳಗೆ ಏನಿದೆಯೆಂದು ಗೊತ್ತಿರುವುದಿಲ್ಲ. ಹಲವು ವರ್ಷ ಡಾಕ್ಯುಮೆಂಟೇಷನ್ ಟೇಬಲ್ಲಿನಲ್ಲಿ ಕೂತು ಕಂಟೇನರ್ ಕಳಿಸಿದ ನನ್ನ ಲೆಕ್ಕದಲ್ಲಿ ನಷ್ಟವೆಲ್ಲ ಹುಟ್ಟುವುದು ಈ ಎರಡು ಬೀರುಗಳ ನಡುವಿನ ಸಂದಿಯಲ್ಲೇ. ಬಂದರಿನಲ್ಲಿ ನಿಂತ ಸರಕಿನ ಜಾಡು ಹಿಡಿದು ಹಿಂದಕ್ಕೆ ಬಂದರೆ ಕೊನೆಗೆ ಸಿಗುವುದು ನಮ್ಮದೇ ಅಂಗಳದ ಒಬ್ಬ ಮನುಷ್ಯ, ಅವನಿಗೆ ಯಾರೂ ಹೇಳದೆ ಬಿಟ್ಟ ಒಂದು ಮಾತು.

1. ಪ್ರತಿ ನಿಯಮಕ್ಕೂ ಒಬ್ಬರ ಹೆಸರು ಬರೆಯಿರಿ

ಆಮದು-ರಫ್ತು ಕೋಡ್ ಅಂದರೆ ಐಇಸಿಯನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಡಿಜಿಎಫ್‌ಟಿ ಪೋರ್ಟಲ್‌ನಲ್ಲಿ ದೃಢೀಕರಿಸಬೇಕು. ವಿವರ ಏನೂ ಬದಲಾಗದಿದ್ದರೂ ಮಾಡಲೇಬೇಕು. ಬಿಟ್ಟರೆ ಕೋಡ್ ನಿಷ್ಕ್ರಿಯವಾಗುತ್ತದೆ. ತೆರಿಗೆ ಕಟ್ಟದೆ ರಫ್ತು ಮಾಡಲು ಜಿಎಸ್‌ಟಿಯವರಿಗೆ ಕೊಡುವ ಎಲ್‌ಯುಟಿಯ ಆಯುಸ್ಸು ಮಾರ್ಚ್ 31ಕ್ಕೆ ಮುಗಿಯುತ್ತದೆ. ಅಮೆರಿಕಕ್ಕೆ ಆಹಾರ ಕಳಿಸುವ ಕಾರ್ಖಾನೆ ಅಲ್ಲಿನ ಎಫ್‌ಡಿಎ ನೋಂದಣಿಯನ್ನು ಸಮಸಂಖ್ಯೆಯ ವರ್ಷಗಳಲ್ಲಿ ಅಕ್ಟೋಬರ್ 1ರಿಂದ ಡಿಸೆಂಬರ್ 31ರ ಒಳಗೆ ನವೀಕರಿಸಬೇಕು.

ಇವೆಲ್ಲ ಎಲ್ಲರಿಗೂ ಗೊತ್ತಿರುವ ವಿಷಯವೇ. ಆದರೆ ಎಲ್ಲರಿಗೂ ಗೊತ್ತಿರುವ ಕೆಲಸವನ್ನು ಯಾರೂ ಮಾಡುವುದಿಲ್ಲ. "ಆಡಿಟರ್ ನೋಡ್ಕೋತಾರೆ" ಅಂತ ಇವರು, "ಕಂಪನಿಯವರೇ ಮಾಡಿರ್ತಾರೆ" ಅಂತ ಆಡಿಟರ್. ಒಂದೊಂದು ತಾರೀಖಿನ ಎದುರಿಗೂ ಒಂದು ಹೆಸರು ಇರಲಿ. ಇಲಾಖೆಯ ಹೆಸರು ಬರೆದರೆ ಬರೆಯದ ಹಾಗೆಯೇ. ಮನುಷ್ಯನ ಹೆಸರು ಬರೆಯಿರಿ.

2. ಸರಕು ಯಾವ ಮಂಡಳಿಯದು ಕೇಳಿಕೊಳ್ಳಿ

ಗುಬ್ಬಿಯಲ್ಲಿ ಒಂದೇ ತೆಂಗಿನಕಾಯಿ ಎರಡು ಬಾಗಿಲು ತಟ್ಟುತ್ತದೆ. ಕೊಬ್ಬರಿ ತುರಿ, ಎಣ್ಣೆ ಕಳಿಸುವವರಿಗೆ ಬೇಕಾದ ಆರ್‌ಸಿಎಂಸಿ ಅಂದರೆ ನೋಂದಣಿ-ಸದಸ್ಯತ್ವ ಪ್ರಮಾಣಪತ್ರ ತೆಂಗು ಅಭಿವೃದ್ಧಿ ಮಂಡಳಿಯಿಂದ ಬರಬೇಕು. ಅದೇ ಕಾಯಿಯ ಸಿಪ್ಪೆ, ನಾರು, ನಾರಿನ ಪುಡಿ ಕಳಿಸಿದರೆ ಕಾಯರ್ ಬೋರ್ಡ್. ಪಕ್ಕದ ಮಿಡಿಸೌತೆಯವನಿಗೆ ಕೃಷಿ ಸರಕಿನ ರಫ್ತು ಪ್ರಾಧಿಕಾರ ಅಪೆಡಾ. ಅಣ್ಣ ಮಾಡಿಸಿದ್ದಾನೆಂದು ತಮ್ಮನೂ ಅಲ್ಲೇ ಮಾಡಿಸಿ, ಹಡಗಿನ ದಿನ ಹತ್ತಿರ ಬಂದಾಗ ತಲೆ ಕೆರೆದುಕೊಂಡದ್ದನ್ನು ನೋಡಿದ್ದೇನೆ.

3. ಊರಿನ ಹೆಸರು ಎಲ್ಲ ಕಾಗದದಲ್ಲೂ ಒಂದೇ ಇರಲಿ

ಕನ್ನಡದಲ್ಲಿ ನಮಗೆ ಯಾವತ್ತೂ ತುಮಕೂರೇ. ಇಂಗ್ಲಿಷಿನಲ್ಲಿ 'ಟುಮ್ಕುರ್' ಅಂತಿದ್ದದ್ದು 2014ರ ನವೆಂಬರ್ 1ರಿಂದ ಸರಿಯಾಯಿತು. ನಮಗೆ ಖುಷಿ. ಆದರೆ ಹಳೆಯ ಕಂಪನಿಯ ಐಇಸಿಯಲ್ಲಿ ಒಂದು ಸ್ಪೆಲಿಂಗು, ಬ್ಯಾಂಕಿನಲ್ಲಿ ಇನ್ನೊಂದು, ಡ್ರಮ್ಮಿನ ಲೇಬಲ್ಲಿನಲ್ಲಿ ಮತ್ತೊಂದು. ಇಲ್ಲಿಯ ಅಧಿಕಾರಿಗೆ ಎರಡೂ ಒಂದೇ ಊರೆಂದು ಗೊತ್ತು. ಹ್ಯಾಂಬರ್ಗಿನ ಗೋದಾಮಿನಲ್ಲಿ ಕೂತ ಗುಮಾಸ್ತನಿಗೆ ಅವು ಎರಡು ಊರು. ಅವನು ಮೇಲ್ ಹಾಕಿ ಉತ್ತರಕ್ಕೆ ಕಾಯುತ್ತಾನೆ. ಅವನು ಕಾದಷ್ಟು ದಿನ ನಿಮ್ಮ ಕಂಟೇನರಿಗೆ ಡಾಲರ್ ಲೆಕ್ಕದಲ್ಲಿ ಬಾಡಿಗೆ ಏರುತ್ತದೆ. ಒಂದು ಮಧ್ಯಾಹ್ನ ಕೂತು ಎಲ್ಲ ಕಡೆ ಒಂದೇ ಸ್ಪೆಲಿಂಗ್ ಮಾಡಿಸಿಬಿಡಿ. ಟೈಪ್ ಮಾಡುವ ಹುಡುಗಿಗೆ "ಇದೇ ಅಕ್ಷರ, ಇದೇ ಕಾಮಾ" ಎಂದು ಒಂದು ಹಾಳೆ ಕೊಡಿ. ಅವಳ ಬುದ್ಧಿವಂತಿಕೆಯನ್ನು ಬೇರೆ ಕೆಲಸಕ್ಕೆ ಉಳಿಸಿ.

4. ರಫ್ತು ಹೊಲದಲ್ಲೇ ಶುರುವಾಗುತ್ತದೆ, ಹಾಗಾಗಿ ಬೈಕಿನಲ್ಲಿ ಓಡಾಡುವವನನ್ನು ಮರೆಯಬೇಡಿ

ಮಿಡಿಸೌತೆ ನಡೆಯುವುದು ಗುತ್ತಿಗೆ ಕೃಷಿಯಲ್ಲಿ. ಕೇಂದ್ರ ಸರ್ಕಾರದ ಲೆಕ್ಕದಂತೆ ದೇಶದಲ್ಲಿ ಸುಮಾರು 90,000 ಸಣ್ಣ, ಅತಿ ಸಣ್ಣ ರೈತರು 65,000 ಎಕರೆಯಲ್ಲಿ ಬೆಳೆಯುತ್ತಾರೆ. 90 ದಿನದ ಬೆಳೆ. ಬೀಜ, ಗೊಬ್ಬರ, ಔಷಧಿ ಕಂಪನಿಯದು. ಹೊಲ, ಬೆವರು ರೈತನದು. ನಡುವೆ ಓಡಾಡುವವನು ಫೀಲ್ಡ್ ಸ್ಟಾಫ್, ಮಾಸಿದ ಬ್ಯಾಗು ತಗಲಿಸಿಕೊಂಡ ಇಪ್ಪತ್ತೈದರ ಹುಡುಗ.

ಈಗ ನಿಯಮ ಕೇಳಿ. ಯಾವ ಕೀಟನಾಶಕಕ್ಕೆ ಪ್ರತ್ಯೇಕ ಮಿತಿ ಗೊತ್ತುಮಾಡಿಲ್ಲವೋ ಅದಕ್ಕೆ ಯುರೋಪ್ ಒಕ್ಕೂಟ ಇಟ್ಟಿರುವ ಮಿತಿ ಕೆ.ಜಿ.ಗೆ 0.01 ಮಿಲಿಗ್ರಾಂ. ಈ ಅಂಕಿಯನ್ನು ಮೀಟಿಂಗಿನಲ್ಲಿ ಓದಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಯಾರಿಗೂ ಅರ್ಥವಾಗಿರುವುದಿಲ್ಲ. ಹೀಗೆ ಹೇಳಿ ನೋಡಿ: ನೂರು ಟನ್ ಕಾಯಿಯಲ್ಲಿ ಒಂದು ಗ್ರಾಂ. ನೂರು ಟನ್ ಅಂದರೆ ಸಾಲಾಗಿ ನಿಂತ ಹಲವು ಲಾರಿಗಳ ಕಾಯಿ; ಒಂದು ಗ್ರಾಂ ಅಂದರೆ ಒಂದು ಚಿಟಿಕೆ. ಪಕ್ಕದ ಟೊಮೆಟೊ ಹೊಲಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ತೇಲಿ ಬಂದರೂ ಸಾಕು. ಟೊಮೆಟೊಗೆ ಬಳಸಿದ ಸ್ಪ್ರೇಯರನ್ನು ತೊಳೆಯದೆ ಮಿಡಿಸೌತೆಗೆ ಹಿಡಿದರೂ ಸಾಕು.

ಇದನ್ನು ತಡೆಯಬಲ್ಲವನು ಆ ಬೈಕಿನ ಹುಡುಗನೊಬ್ಬನೇ. ಅವನನ್ನು ನೀವು ಅಳೆಯುವುದು ಹೇಗೆ? ದಿನಕ್ಕೆ ಎಷ್ಟು ರೈತರನ್ನು ನೋಡಿದ, ಎಷ್ಟು ಎಕರೆ ಹೊಸದಾಗಿ ಬರೆಸಿದ. ಹಾಗಾದರೆ ಅವನು ಬೇಲಿಯ ಹತ್ತಿರ ಬೈಕ್ ನಿಲ್ಲಿಸಿ, ಹಾರ್ನ್ ಹೊಡೆದು, "ಏನ್ ಗೌಡ್ರೇ, ಚೆನ್ನಾಗಿದ್ಯಾ" ಅಂದು, ಬುಕ್ಕಿಗೆ ಸಹಿ ಹಾಕಿಸಿ ಹೊರಡುತ್ತಾನೆ. ಅವನ ಮೇಲೆ ನಾನು ತಪ್ಪು ಹೊರಿಸುವುದಿಲ್ಲ. ನೀವು ಕೇಳಿದ ಲೆಕ್ಕ ಅವನು ಕೊಟ್ಟ. ಭೇಟಿ ಕಮ್ಮಿ ಮಾಡಿಸಿ. ಹೊಲದೊಳಗೆ ಇಳಿದು ಖಾಲಿ ಔಷಧಿ ಡಬ್ಬಿ ಯಾವುದು ಬಿದ್ದಿದೆ ಎಂದು ನೋಡಿ ಬರೆದವನಿಗೆ ಅಂಕ ಕೊಡಿ. ಒಂದು ಪ್ಲಾಟಿನ ಕಾಯಿ ಬೇಡವೆಂದು ಧೈರ್ಯವಾಗಿ ಹೇಳಿದವನಿಗೆ ಆ ತಿಂಗಳ ಟಾರ್ಗೆಟ್ ಕಡಿಮೆ ಮಾಡಿ. ಆ ದಿನ ರೈತನ ಬಾಯಲ್ಲಿ ಬೈಗುಳ ತಿಂದವನು ಅವನೇ ಅಲ್ಲವೇ?

5. ಕ್ರೇಟ್ ಎಣಿಸುವವರು ವಾಪಸ್ ಬಂದದ್ದನ್ನೂ ಎಣಿಸಲಿ

ಗ್ರೇಡಿಂಗ್ ಶೆಡ್ಡಿನಲ್ಲಿ ಒಂದು ಗಂಟೆ ನಿಂತು ನೋಡಬೇಕು. ಬೆಲ್ಟಿನ ಎರಡೂ ಕಡೆ ಹೆಂಗಸರು, ತಲೆಗೆ ಬಲೆಟೋಪಿ, ಕೈಗೆ ಗ್ಲೌಸು, ಕಾಲಡಿ ಒದ್ದೆ ನೆಲ. ಕಾಯಿ ಹರಿದು ಬರುತ್ತಲೇ ಇರುತ್ತದೆ. ಕೆ.ಜಿ.ಗೆ 160ಕ್ಕಿಂತ ಹೆಚ್ಚು ಕಾಯಿ ಹಿಡಿದರೆ ಒಂದು ದರ್ಜೆ, 60ರಿಂದ 100 ಹಿಡಿದರೆ ಬೇರೆ, 30ರಿಂದ 60 ಆದರೆ ಮತ್ತೂ ಬೇರೆ. ಇಲ್ಲಿ ಲೋಕದ ನ್ಯಾಯ ತಿರುಗುಮುರುಗು: ಸಣ್ಣದಕ್ಕೇ ಬೆಲೆ ಜಾಸ್ತಿ. ಸೊಟ್ಟ ಕಾಯಿ, ಹಳದಿ ತಿರುಗಿದ್ದು, ತುದಿಯಲ್ಲಿ ಒಣಗಿದ ಹೂವು ಕಚ್ಚಿಕೊಂಡದ್ದು, ಇವನ್ನೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ತೆಗೆಯಬೇಕು.

ನಾನು ಕೆಲಸಕ್ಕಿದ್ದ ಒಂದು ಕಡೆ ಹೊಸ ಮ್ಯಾನೇಜರ್ ಬಂದವರೇ ಕ್ರೇಟಿಗಿಷ್ಟು ಎಂದು ಇನ್ಸೆಂಟಿವ್ ಹಾಕಿದರು. ಬೋರ್ಡಿನ ಮೇಲಿನ ಗೆರೆ ಸರ್ರನೆ ಮೇಲಕ್ಕೆ ಹೋಯಿತು. ಎಲ್ಲರಿಗೂ ಸ್ವೀಟ್ ಹಂಚಿದರು. ಕಾಯಿ ಕಟ್ಟಿದ್ದು ಆಷಾಢದಲ್ಲಿ. ಖರೀದಿದಾರನ ದೂರು ಬಂದದ್ದು ದಸರಾ ಹೊತ್ತಿಗೆ, ಫೋಟೋ ಸಮೇತ. ಸಣ್ಣ ದರ್ಜೆಯ ಬಾಟಲಿಯಲ್ಲಿ ಹೆಬ್ಬೆರಳು ಗಾತ್ರದ ಕಾಯಿ. ಆ ಹೊತ್ತಿಗೆ ಇನ್ಸೆಂಟಿವ್ ಕೊಟ್ಟಾಗಿತ್ತು, ಆ ಟೇಬಲ್ಲಿನ ಅರ್ಧ ಹೆಂಗಸರು ರಾಗಿ ಕಳೆ ಎಂದು ಊರಿಗೆ ಹೋಗಿದ್ದರು, ಮ್ಯಾನೇಜರ್ ಬೇರೆ ಕಂಪನಿ ಸೇರಿದ್ದರು.

ರಫ್ತಿನ ಗುಟ್ಟು ಇರುವುದು ಈ ಅಂತರದಲ್ಲಿ. ತಪ್ಪಿಗೂ ಅದರ ಸುದ್ದಿಗೂ ನಡುವೆ ಒಂದು ಸಮುದ್ರವಿದೆ. ಬೀದಿಯ ಹೋಟೆಲಿನಲ್ಲಿ ಉಪ್ಪು ಜಾಸ್ತಿಯಾದರೆ ಗಿರಾಕಿ ಅಲ್ಲೇ ಕೂಗುತ್ತಾನೆ. ಇಲ್ಲಿ ಕೂಗು ಬರಲು ಎರಡು ಮೂರು ತಿಂಗಳು. ಆದ್ದರಿಂದ ಕೂಗನ್ನು ಒಳಗೇ ಹುಟ್ಟಿಸಬೇಕು. ಗಂಟೆಗೊಮ್ಮೆ ಟೇಬಲ್ಲಿನಿಂದ ಒಂದು ಕೆ.ಜಿ. ತೆಗೆದು, ಅದೇ ಟೇಬಲ್ಲಿನ ಹಿರಿಯಕ್ಕನ ಕೈಯಲ್ಲೇ ಎಣಿಕೆ ಮಾಡಿಸಿ, ಸಂಖ್ಯೆಯನ್ನು ಸೀಮೆಸುಣ್ಣದಲ್ಲಿ ಅಲ್ಲೇ ಬರೆಸಿ. ಇನ್ಸೆಂಟಿವ್ ಒಬ್ಬೊಬ್ಬರಿಗೆ ಬೇಡ, ಟೇಬಲ್ಲಿಗೆ ಕೊಡಿ, ಮತ್ತೆ ಆರಿಸಬೇಕಾಗಿ ಬಂದ ಕ್ರೇಟನ್ನು ಲೆಕ್ಕದಿಂದ ಕಳೆದು ಕೊಡಿ. ಪಕ್ಕದವಳ ಕೈಯ ಮೇಲೆ ಕಣ್ಣಿಡುವ ಕೆಲಸವನ್ನು ಅವರೇ ಮಾಡಿಕೊಳ್ಳುತ್ತಾರೆ, ಸೂಪರ್‌ವೈಸರಿಗಿಂತ ಚೆನ್ನಾಗಿ.

6. ಬಳೆಯ ವಿಷಯ ಮೊದಲೇ ಮಾತಾಡಿ

ಗಾಜಿನ ಬಳೆ, ಹಣೆಬೊಟ್ಟು, ಸೇಫ್ಟಿಪಿನ್ನು ಆಹಾರದ ಶೆಡ್ಡಿನೊಳಗೆ ಹೋಗುವಂತಿಲ್ಲ. ಬಾಟಲಿಯಲ್ಲಿ ಸಿಕ್ಕ ಒಂದು ಚೂರು ಗಾಜು ಸಾಕು, ಇಡೀ ಲಾಟು ವಾಪಸ್ಸು. ನಿಯಮ ನೂರಕ್ಕೆ ನೂರು ಸರಿ. ಆದರೆ ಮೊದಲ ದಿನ ಗೇಟಿನಲ್ಲಿ ಸೆಕ್ಯೂರಿಟಿಯವನು "ಬಳೆ ತೆಗೀರಿ" ಎಂದು ಗದರಿದರೆ, ಗಂಡ ಬದುಕಿರುವ ಹೆಣ್ಣುಮಗಳು ಮರುದಿನ ಕೆಲಸಕ್ಕೆ ಬರುವುದಿಲ್ಲ. ಬಂದರೂ ತೋಳಿನ ಒಳಗೆ ಮೇಲಕ್ಕೆ ಸರಿಸಿಕೊಂಡು ಬರುತ್ತಾಳೆ, ಅದು ಇನ್ನೂ ಅಪಾಯ. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಹಳೆಯ ನೌಕರಳೊಬ್ಬಳಿಂದ ಕಾರಣ ಹೇಳಿಸಿ. ಪ್ರತಿಯೊಬ್ಬರಿಗೂ ಬೀಗವಿರುವ ಒಂದು ಗೂಡು ಕೊಡಿ. ಸಂಜೆ ತೊಟ್ಟು ಹೋಗಲು ಒಂದು ಕನ್ನಡಿಯನ್ನೂ ಹಾಕಿಸಿ.

7. ಒಬ್ಬನೇ ಬಲ್ಲ ಕೆಲಸವನ್ನು ಕಂಪನಿಯಲ್ಲಿ ಇಟ್ಟುಕೊಳ್ಳಬೇಡಿ

ಕೆಲವು ನಿಯಮಗಳು ಸರಕಿನ ಬಗ್ಗೆ ಮಾತಾಡುವುದೇ ಇಲ್ಲ, ಮನುಷ್ಯನ ಬಗ್ಗೆ ಮಾತಾಡುತ್ತವೆ. ವಿನೆಗರ್ ಹಾಕಿ ಹುಳಿ ಮಾಡಿದ ಆಹಾರದ ಪಿಎಚ್ 4.6 ಅಥವಾ ಅದಕ್ಕಿಂತ ಕಡಿಮೆ ಇರಬೇಕೆಂದು ಅಮೆರಿಕದ ಕಾನೂನು ಹೇಳುತ್ತದೆ. ಜೊತೆಗೆ ಇನ್ನೊಂದು ಮಾತು: ಆ ಕೆಲಸ ನಡೆಯುವಾಗ ಎಫ್‌ಡಿಎ ಒಪ್ಪಿದ ತರಬೇತಿ ಪಡೆದವರೊಬ್ಬರ ಉಸ್ತುವಾರಿ ಇರಲೇಬೇಕು. ಬಾಯ್ಲರಿನಷ್ಟೇ ಆ ವ್ಯಕ್ತಿಯೂ ಕಾರ್ಖಾನೆಗೆ ಅಗತ್ಯ. ಅವನು ರಾಜೀನಾಮೆ ಕೊಟ್ಟ ದಿನ ಬಾಯ್ಲರ್ ಕೆಟ್ಟಷ್ಟೇ ಗಾಬರಿಯಾಗಬೇಕು, ಆದರೆ ಎಚ್‌ಆರ್ ಫೈಲಿನಲ್ಲಿ ಅದು ಬರೀ 'ಒಂದು ಹುದ್ದೆ ಖಾಲಿ'.

ಬಿಟ್ಟು ಹೋಗಲು ಜಾಗ ಈಗ ಬೇಕಾದಷ್ಟಿದೆ. ವಸಂತನರಸಾಪುರ ಬೆಳೆಯುತ್ತಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಡಿಪ್ಲೊಮಾ ಮುಗಿಸಿದ ಹುಡುಗರ ಕಣ್ಣು ಅತ್ತ ಹೋಗುವುದು ಸಹಜ.

ಒಬ್ಬನ ಕೆಲಸ ಇನ್ನೊಬ್ಬನಿಗೂ ಗೊತ್ತಿರಬೇಕೆಂದು ಗುಬ್ಬಿಯವರಿಗೆ ನಾನು ಹೇಳಿಕೊಡಬೇಕೇ? 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ವೀರಣ್ಣನವರ ಕೈಯಲ್ಲಿ ಊರೂರು ಸುತ್ತಿತು. 'ಕುರುಕ್ಷೇತ್ರ'ಕ್ಕೆ ರಂಗದ ಮೇಲೆ ನಿಜವಾದ ಆನೆ, ಕುದುರೆ ಬರುತ್ತಿದ್ದವು. ಪರದೆ, ಪ್ರಾಣಿ, ನಟರು, ಅಡುಗೆಯವರು ಎಲ್ಲರನ್ನೂ ಒಂದು ಊರಿನಿಂದ ಇನ್ನೊಂದಕ್ಕೆ ಸಾಗಿಸಿ ಹೊತ್ತಿಗೆ ಸರಿಯಾಗಿ ಪರದೆ ಎತ್ತುವುದು ಇವತ್ತಿನ ಯಾವ ಲಾಜಿಸ್ಟಿಕ್ಸಿಗೂ ಕಮ್ಮಿಯಲ್ಲ. ಕಂಪನಿ ನಾಟಕದವರು ಒಬ್ಬನಿಗೆ ಜ್ವರ ಬಂದರೆ ಆಟ ನಿಲ್ಲಿಸುತ್ತಿರಲಿಲ್ಲ. ಆ ಪಾತ್ರದ ಮಾತು ಇನ್ನೊಬ್ಬನಿಗೂ ಬಾಯಿಪಾಠವಾಗಿರುತ್ತಿತ್ತು. ನಿಮ್ಮ ಕಾರ್ಖಾನೆಯಲ್ಲಿ ಪಿಎಚ್ ನೋಡುವವನ ಮಾತು ಇನ್ನು ಯಾರಿಗೆ ಬಾಯಿಪಾಠವಾಗಿದೆ? ಪಟ್ಟಿ ಮಾಡಿ. ಒಬ್ಬರೇ ಹೆಸರು ಬಂದ ಕಡೆಯೆಲ್ಲ ಎರಡನೆಯವರನ್ನು ತರಬೇತಿಗೆ ಕಳಿಸಿ, ಖರ್ಚಾದರೂ ಸರಿ.

8. ತೂಕದಲ್ಲಿ ಅಂದಾಜು ಬೇಡ

2007ರ ಜನವರಿಯಲ್ಲಿ ಎಂಎಸ್‌ಸಿ ನಾಪೋಲಿ ಎಂಬ ಹಡಗು ಇಂಗ್ಲಿಷ್ ಕಾಲುವೆಯಲ್ಲಿ ಬಿರುಕು ಬಿಟ್ಟಿತು. ಆಮೇಲೆ ಡೆಕ್ಕಿನ ಮೇಲೆ ನೆನೆಯದೆ ಉಳಿದಿದ್ದ ಸುಮಾರು 660 ಕಂಟೇನರುಗಳನ್ನು ತೂಗಿದಾಗ 137ರಲ್ಲಿ ಬರೆದ ತೂಕಕ್ಕೂ ನಿಜ ತೂಕಕ್ಕೂ 3 ಟನ್ನಿಗಿಂತ ಹೆಚ್ಚು ವ್ಯತ್ಯಾಸ. ಇಂಥ ಅನುಭವಗಳಿಂದ ಹುಟ್ಟಿದ್ದೇ ವಿಜಿಎಂ ನಿಯಮ. 2016ರ ಜುಲೈ 1ರಿಂದ ತೂಕ ದೃಢೀಕರಿಸದ ಕಂಟೇನರನ್ನು ಹಡಗಿಗೆ ಏರಿಸುವಂತಿಲ್ಲ.

ತುಂಬಿದ ಕಂಟೇನರನ್ನೇ ತೂಗಬಹುದು. ಇಲ್ಲವೇ ಒಳಗಿನದೆಲ್ಲ ತೂಗಿ, ಬಾಗಿಲ ಮೇಲೆ ಬರೆದ ಖಾಲಿ ತೂಕವನ್ನು ಕೂಡಿಸಬಹುದು. ನಾರಿನ ಪುಡಿಯ ಇಟ್ಟಿಗೆ ಕಳಿಸುವವರು ಮೊದಲನೆಯ ದಾರಿ ಹಿಡಿಯುವುದೇ ಲೇಸು. ಮಳೆಗಾಲದ ಪುಡಿ ಬೇರೆ, ಬೇಸಿಗೆಯ ಪುಡಿ ಬೇರೆ. ಅದು ತೇವ ಕುಡಿಯುವ ಸರಕು. ಕಳೆದ ಸಲದ ಹಾಳೆಯನ್ನು ನಕಲು ಮಾಡಿ ಸಹಿ ಹಾಕುವ ಚಾಳಿ ಯಾರಿಗಾದರೂ ಇದ್ದರೆ ಇವತ್ತೇ ಬಿಡಿಸಿ.

9. ಮರದ ಪ್ಯಾಲೆಟ್ ಮೇಲಿನ ಮುದ್ರೆ ನೋಡಿ

56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿದ ಮರಕ್ಕೆ ಗೋಧಿ ತೆನೆಯ ಚಿತ್ರವಿರುವ ಮುದ್ರೆ ಬೀಳುತ್ತದೆ. ಮುದ್ರೆಯಿಲ್ಲದ ಒಂದು ಹಲಗೆಯನ್ನು ಡ್ರಮ್ಮಿನ ನಡುವೆ ಅಡ್ಡ ಸಿಕ್ಕಿಸಿದರೂ ತಕರಾರು. ಲೋಡಿಂಗಿನವರು ಅಂಗಳದಲ್ಲಿ ಸಿಕ್ಕ ಹಲಗೆಯನ್ನು ಸಿಕ್ಕಿಸುವುದು ಸರಕು ಅಲ್ಲಾಡದಿರಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ. ಅವರಿಗೆ ಮುದ್ರೆಯ ಕಥೆ ಹೇಳಿ, ಅಂಗಳ ಖಾಲಿ ಇಡಿ. ಇಷ್ಟೇ.

10. ಹಡಗಿನ ಗಡಿಯಾರವನ್ನು ಊರಿನ ಪಂಚಾಂಗದ ಪಕ್ಕದಲ್ಲಿಡಿ

ಶಿಪ್ಪಿಂಗ್ ಕಂಪನಿ ಮೂರು ಗಡುವು ಕೊಡುತ್ತದೆ: ಕಾಗದಕ್ಕೊಂದು, ತೂಕಕ್ಕೊಂದು, ಕಂಟೇನರ್ ಬಂದರಿನ ಗೇಟು ದಾಟಲೊಂದು. ಅದರ ಕ್ಯಾಲೆಂಡರಿನಲ್ಲಿ ವರಮಹಾಲಕ್ಷ್ಮಿ ಇಲ್ಲ. ಆಯುಧಪೂಜೆಯ ದಿನ ವೇಬ್ರಿಡ್ಜಿಗೆ ಕುಂಬಳಕಾಯಿ ಒಡೆದು ಬೀಗ ಹಾಕಿರುತ್ತಾರೆ, ಡ್ರೈವರ್ ಲಾರಿಗೆ ಬಾಳೆಕಂದು ಕಟ್ಟಿಕೊಂಡು ಊರಿಗೆ ಹೋಗಿರುತ್ತಾನೆ. ಗುಬ್ಬಿಯಪ್ಪನ ಜಾತ್ರೆ, ಶಿವರಾತ್ರಿಯ ಸಿದ್ಧಗಂಗೆ ಜಾತ್ರೆ, ರಾಗಿ ಕಟಾವು, ಮದುವೆ ಮುಹೂರ್ತದ ತಿಂಗಳು. "ಈ ಜನಕ್ಕೆ ಶಿಸ್ತೇ ಇಲ್ಲ" ಎಂದು ಬೆಂಗಳೂರಿನಿಂದ ಬಂದ ಮ್ಯಾನೇಜರುಗಳು ಗೊಣಗುವುದನ್ನು ಕೇಳಿ ಕೇಳಿ ಸಾಕಾಗಿದೆ. ಜಾತ್ರೆ ಕಳ್ಳನ ಹಾಗೆ ಬರುವುದಿಲ್ಲ, ವರ್ಷದ ಮೊದಲೇ ಪಂಚಾಂಗದಲ್ಲಿ ಅಚ್ಚಾಗಿರುತ್ತದೆ. ಆ ವಾರಕ್ಕೆ ಬುಕಿಂಗ್ ತೆಗೆದುಕೊಂಡವರು ಶಿಸ್ತಿಲ್ಲದವರು.

ರಸ್ತೆಯ ಲೆಕ್ಕವೂ ಇರಲಿ. ಕುಣಿಗಲ್ ರಸ್ತೆಯೂ ತುಮಕೂರು ರಸ್ತೆಯೂ ಸೇರುವುದು ನೆಲಮಂಗಲದಲ್ಲಿ. ಭಾನುವಾರ ಸಂಜೆ ಅಲ್ಲಿ ಸಿಕ್ಕಿಬಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ಡಿಪೊಗೆ ಹೋಗಬೇಕಾದರೆ ಬೆಂಗಳೂರನ್ನು ಈ ತುದಿಯಿಂದ ಆ ತುದಿಗೆ ಸುತ್ತಬೇಕು. ಮಂಗಳೂರು ಹತ್ತಿರವೆಂದು ಕುಣಿಗಲ್‌ನವರಿಗೆ ಆಸೆಯಾಗುತ್ತದೆ, ನೇರ ಹೆದ್ದಾರಿ. ಆದರೆ ಜುಲೈನಲ್ಲಿ ಶಿರಾಡಿ ಘಾಟಿ ಕುಸಿದರೆ ಆ ಆಸೆಯೂ ಕುಸಿಯುತ್ತದೆ. ಗಡುವಿಗೆ ಒಂದು ದಿನ ಮುಂಚೆ ಬಾಗಿಲು ಹಾಕುವುದನ್ನು ಅಭ್ಯಾಸ ಮಾಡಿಕೊಳ್ಳಿ. ರಾತ್ರಿ ಎರಡಕ್ಕೆ ಲೋಡ್ ಮಾಡಿದ ಕಂಟೇನರ್ ಬೆಳಗ್ಗೆ ಹತ್ತಕ್ಕೆ ಮಾಡಿದ ಹಾಗೆ ಇರುವುದಿಲ್ಲ.

11. ಒಂದಕ್ಷರದ ಬೆಲೆ ತಿಳಿಸಿಕೊಡಿ

2021ರ ಜನವರಿ 1ರಿಂದ ಬಂದ ರೋಡ್‌ಟೆಪ್ ಯೋಜನೆಯಲ್ಲಿ ರಫ್ತುದಾರ ದಾರಿಯುದ್ದಕ್ಕೂ ಕಟ್ಟಿದ, ಬೇರೆ ಎಲ್ಲೂ ಮರಳದ ತೆರಿಗೆಯ ಪಾಲು ವಾಪಸ್ ಬರುತ್ತದೆ. ಅದನ್ನು ಕೇಳುವುದು ಶಿಪ್ಪಿಂಗ್ ಬಿಲ್‌ನಲ್ಲೇ, ಪ್ರತಿ ಐಟಂ ಎದುರು. ಕೋಡಿನ ಕೊನೆಗೆ 'ವೈ' ಹಾಕಿದರೆ ಬೇಕು, 'ಎನ್' ಹಾಕಿದರೆ ಬೇಡ.

ಒಮ್ಮೆ ನಮ್ಮ ಕಡೆಯಿಂದ ಹೋದ ಹಾಳೆಯಲ್ಲಿ ಆ ಕಾಲಂ ಖಾಲಿ ಇತ್ತು. ಬ್ರೋಕರ್ ಆಫೀಸಿನ ಹುಡುಗ ಖಾಲಿ ಕಂಡದ್ದಕ್ಕೆ 'ಎನ್' ಒತ್ತಿದ. ಸರಕು ಹೋಯಿತು, ಹಣ ಬಂತು, ಎಲ್ಲ ಸುಖ. ಮೂರು ತಿಂಗಳಾದ ಮೇಲೆ ಅಕೌಂಟ್ಸಿನಲ್ಲಿ ಲೆಕ್ಕ ತಾಳೆಯಾಗದೆ ಹುಡುಕಿದಾಗ ಗೊತ್ತಾಯಿತು. ಅಷ್ಟು ಹೊತ್ತಿಗೆ ಹನ್ನೊಂದು ಶಿಪ್ಪಿಂಗ್ ಬಿಲ್ ಅದೇ ಅಕ್ಷರದೊಂದಿಗೆ ಹೊರಟುಹೋಗಿದ್ದವು. ಹೋದದ್ದು ಹೋಯಿತು. ಖಾಲಿ ಬಿಟ್ಟವನು ನಾನೇ. ಆ ಕಾಲಂ ಏನೆಂದು ನನಗೆ ಗೊತ್ತಿರಲಿಲ್ಲ, ಕೇಳಲು ನಾಚಿಕೆಯಾಗಿತ್ತು. ಈಗ ಯಾರಿಗೇ ಕೆಲಸ ಕಲಿಸಿದರೂ ಫಾರಂ ತುಂಬುವುದನ್ನು ಹೇಳಿಕೊಡುವುದಿಲ್ಲ. ಒಂದೊಂದು ಖಾನೆಯ ಎದುರೂ ಅದು ತಪ್ಪಿದರೆ ಎಷ್ಟು ರೂಪಾಯಿ ಹೋಗುತ್ತದೆಂದು ಬರೆಸುತ್ತೇನೆ.

12. ಸಮುದ್ರದ ತಪ್ಪಿಗೆ ಶೆಡ್ಡಿನವರಿಗೆ ಬರೆ ಹಾಕಬೇಡಿ

2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ, ಯುರೋಪಿಗೆ ಹೋಗುವ ಹೆಚ್ಚಿನವು ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿದವು; ಹತ್ತಕ್ಕೂ ಹೆಚ್ಚು ದಿನ ತಡ. 2025ರ ಆಗಸ್ಟ್ 27ರಿಂದ ಅಮೆರಿಕ ಭಾರತದ ಬಹುಪಾಲು ಸರಕಿನ ಮೇಲೆ ಸುಂಕವನ್ನು 50 ಪ್ರತಿಶತಕ್ಕೆ ಏರಿಸಿತು. ಈ ಎರಡನ್ನೂ ಗುಬ್ಬಿಯ ಪ್ಯಾಕಿಂಗ್ ಸೂಪರ್‌ವೈಸರ್ ಮಾಡಿದ್ದಲ್ಲ. ಆದರೂ ಅಂಥ ತಿಂಗಳುಗಳಲ್ಲಿ 'ಡೆಲಿವರಿ ತಡ' ಎಂದು ಅವನ ಅಪ್ರೈಸಲ್ಲಿನಲ್ಲಿ ಅಂಕ ಕಳೆದ ಕಡೆಗಳಿವೆ. ಕಂಪನಿಯ ಗೇಟಿನವರೆಗಿನ ದಿನಗಳನ್ನು ಒಂದು ಕಾಲಂ ಮಾಡಿ, ಗೇಟಿನಾಚೆಯದನ್ನು ಇನ್ನೊಂದು. ನೌಕರನನ್ನು ಮೊದಲನೆಯದರಿಂದ ಮಾತ್ರ ಅಳೆಯಿರಿ. ಎರಡನೆಯದಕ್ಕೆ ಉತ್ತರ ಹೇಳಬೇಕಾದವರು ಮಾಲೀಕರು: ಎಷ್ಟು ದೇಶಕ್ಕೆ ಕಳಿಸುತ್ತೀರಿ, ಬಾಡಿಗೆ ಏರಿದರೆ ಯಾರು ಕೊಡಬೇಕೆಂದು ಕರಾರಿನಲ್ಲಿ ಬರೆದಿದ್ದೀರಾ?

13. "ಸಾರ್, ಲೀಕ್ ಆಗ್ತಿದೆ" ಎಂದವನಿಗೆ ಮೊದಲು ಕಾಫಿ ಕೊಡಿ

ರಾತ್ರಿ ಲೋಡಿಂಗ್. ಎಂಬತ್ತು ಡ್ರಮ್ ಒಳಗೆ ಹೋಗಿಯಾಗಿದೆ. ಹಮಾಲಿಯೊಬ್ಬ ಬಂದು, "ಅಣ್ಣ, ಹಿಂದಿನ ಸಾಲಲ್ಲಿ ಒಂದು ಡ್ರಮ್ ತೊಟ್ಟಿಕ್ತಾ ಐತೆ" ಎನ್ನುತ್ತಾನೆ. ಈಗ ಎಲ್ಲ ಹೊರಗೆ ತೆಗೆಯಬೇಕು, ಗಡುವು ಹತ್ತಿರ. ಸೂಪರ್‌ವೈಸರ್ ಆ ಕ್ಷಣದಲ್ಲಿ ಏನು ಹೇಳುತ್ತಾನೆ ಎಂಬುದರ ಮೇಲೆ ನಿಮ್ಮ ಕಂಪನಿ ನಿಂತಿದೆ. "ಮೊದ್ಲೇ ಬೊಗಳಕ್ಕೇನಾಗಿತ್ತು" ಅಂದರೆ, ಆ ಹಮಾಲಿ ಜೀವಮಾನದಲ್ಲಿ ಇನ್ನೊಂದು ಸೋರಿಕೆ ನೋಡುವುದಿಲ್ಲ. ಅವನ ಪಕ್ಕದಲ್ಲಿ ನಿಂತು ಕೇಳಿಸಿಕೊಂಡ ಇನ್ನೂ ಐದು ಜನ ನೋಡುವುದಿಲ್ಲ. ಆಮೇಲೆ ಆ ಡ್ರಮ್ ಕಾಣುವುದು ಹ್ಯಾಂಬರ್ಗಿನಲ್ಲೇ, ಸುತ್ತಲಿನ ರಟ್ಟಿನ ಪೆಟ್ಟಿಗೆಗಳೆಲ್ಲ ನೆಂದ ಮೇಲೆ.

ಇದಕ್ಕೆ ಹೊಂದಿಕೊಂಡ ಒಂದು ಪರೀಕ್ಷೆ ಹೇಳುತ್ತೇನೆ. ಗೋದಾಮಿನಿಂದ ಕಣ್ಣು ಮುಚ್ಚಿ ಒಂದು ಬಾಟಲಿ ತೆಗೆಯಿರಿ. ಅದರ ಲಾಟ್ ನಂಬರ್ ಹಿಡಿದು ಯಾವ ಶಿಫ್ಟು, ಯಾವ ಟೇಬಲ್ಲು, ಯಾವ ಹಳ್ಳಿಯ ಯಾವ ಹೊಲ ಎಂದು ಹುಡುಕಿಸಿ. ಬ್ರಿಟನ್ನಿನ ಆಹಾರ ಸುರಕ್ಷತೆಯ ಬಿಆರ್‌ಸಿ ಮಾನದಂಡದವರು ಕೊಡುವ ಸಮಯ 4 ತಾಸು. ನಡುವೆ ಎಲ್ಲಿ ದಾರ ಕಡಿಯುತ್ತದೋ ಅಲ್ಲಿ ಯಾರೋ ಹೆದರಿ ಬರೆಯದೆ ಬಿಟ್ಟಿದ್ದಾರೆ, ಇಲ್ಲವೇ ಬರೆಯಲು ಪೆನ್ನೇ ಕೊಟ್ಟಿಲ್ಲ. ಎರಡನೆಯದೇ ಜಾಸ್ತಿ.

14. ತಾರೀಖುಗಳನ್ನು ಕಂಪ್ಯೂಟರಿನಿಂದ ಗೋಡೆಗೆ ತನ್ನಿ

ಒಂದು ದೊಡ್ಡ ಕ್ಯಾಲೆಂಡರ್. ಕೆಂಪು ಶಾಯಿಯಲ್ಲಿ ಎಲ್‌ಯುಟಿ, ಐಇಸಿ, ಎಫ್‌ಡಿಎ, ಹಸಿರಿನಲ್ಲಿ ಜಾತ್ರೆ, ಹಬ್ಬ, ರಾಗಿ ಕಟಾವು, ನೀಲಿಯಲ್ಲಿ ಹಡಗು. ಪ್ರತಿ ಕೆಂಪು ಗುರುತಿನ ಪಕ್ಕದಲ್ಲಿ ಹೆಸರು. ಅದನ್ನು ಎಂ.ಡಿ. ಕ್ಯಾಬಿನ್ನಿನಲ್ಲಿ ಹಾಕಬೇಡಿ, ಕ್ಯಾಂಟೀನಿನ ಕೈ ತೊಳೆಯುವ ನಲ್ಲಿಯ ಮೇಲೆ ಹಾಕಿ. ನಾನು ಕಂಡ ಒಂದು ಕಡೆ ಎಲ್‌ಯುಟಿ ಮುಗಿಯುತ್ತಿದೆಯೆಂದು ಮಾರ್ಚ್ 28ರಂದು ಆಫೀಸಿಗೆ ಬಂದು ನೆನಪಿಸಿದ್ದು ಕ್ಯಾಂಟೀನ್ ನಡೆಸುವ ಅಮ್ಮ. ಅವರಿಗೆ ಎಲ್‌ಯುಟಿ ಅಂದರೇನೆಂದು ಗೊತ್ತಿರಲಿಲ್ಲ, ಕೆಂಪು ಗುರುತು ಗೊತ್ತಿತ್ತು.